ವಿಮಾನ ನಿಲ್ದಾಣದ ಮಂಡಳಿಗೆ ಮತ ಕೇಳುವವರು

ಅಮೆರಿಕದ ಪ್ರಯಾಣಿಕ ವಿಮಾನ ನಿಲ್ದಾಣಗಳಲ್ಲಿ ಹೆಚ್ಚಿನವು ನಗರಸಭೆಯ, ಕೌಂಟಿಯ ಅಥವಾ ಅದಕ್ಕೆಂದೇ ಕಾನೂನಿನಿಂದ ರಚಿಸಿದ ಪ್ರಾಧಿಕಾರದ ಆಸ್ತಿ. ಪ್ರಾಧಿಕಾರದ ಮಂಡಳಿಗೆ ಸದಸ್ಯರನ್ನು ಸಾಮಾನ್ಯವಾಗಿ ಮೇಯರೋ ಗವರ್ನರೋ ನೇಮಿಸುತ್ತಾರೆ. ಕೆಲವೇ ಕಡೆ ಆ ಸದಸ್ಯರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಫ್ಲಾರಿಡಾದ ಸರಸೋಟ-ಮ್ಯಾನಟಿ ಪ್ರಾಧಿಕಾರಕ್ಕೆ ಎರಡು ಕೌಂಟಿಗಳಿಂದ ತಲಾ ಮೂವರು ಚುನಾಯಿತರಾಗುತ್ತಾರೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಮತ್ತು ಟ್ರಕಿ-ಟಾಹೋ ನಿಲ್ದಾಣಗಳಿಗೆ ಐದೈದು ಮಂದಿಯ ಚುನಾಯಿತ ಮಂಡಳಿಗಳಿವೆ. ಸಿಯಾಟಲ್‌ನಂಥ ದೊಡ್ಡ ನಿಲ್ದಾಣವನ್ನೂ 1911ರಲ್ಲಿ ಹುಟ್ಟಿದ ಬಂದರು ಸಂಸ್ಥೆಯ ಐವರು ಚುನಾಯಿತ ಕಮಿಷನರುಗಳೇ ನೋಡಿಕೊಳ್ಳುತ್ತಾರೆ. ಇಂಥ ಮಂಡಳಿಗೆ ನಿಲ್ಲುವ ಅಭ್ಯರ್ಥಿ ಮತದಾರನಿಗೆ ಯಾವ ಭರವಸೆಯನ್ನು ಪ್ರಾಮಾಣಿಕವಾಗಿ ಕೊಡಬಲ್ಲ? ಅವನ ಕೈಯಲ್ಲಿರುವ ಅಧಿಕಾರ ಚುನಾವಣೆಯೊಂದನ್ನು ನಡೆಸುವಷ್ಟು ದೊಡ್ಡದೇ?

ಟ್ರಕಿ-ಟಾಹೋ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 5,900 ಅಡಿ ಎತ್ತರದ ಕಣಿವೆಯಲ್ಲಿದೆ. ಅಲ್ಲಿಗೆ ನಿಗದಿತ ವೇಳೆಯ ಪ್ರಯಾಣಿಕ ವಿಮಾನಗಳು ಬರುವುದಿಲ್ಲ. ಬರುವವು ಸಣ್ಣ ವಿಮಾನಗಳು, ಗ್ಲೈಡರ್‌ಗಳು, ಹಿಮಜಾರಾಟದ ದಿನಗಳಲ್ಲಿ ಶ್ರೀಮಂತರ ಖಾಸಗಿ ಜೆಟ್‌ಗಳು. ಸುತ್ತಲಿನ ಮನೆಯವರು ಕಟ್ಟುವ ಆಸ್ತಿ ತೆರಿಗೆಯಲ್ಲಿ ಒಂದು ಪಾಲು ಈ ನಿಲ್ದಾಣಕ್ಕೆ ಹೋಗುತ್ತದೆ. ಎಂದೂ ವಿಮಾನ ಹತ್ತದವರೂ ದುಡ್ಡು ಕೊಟ್ಟು ಸದ್ದು ಕೇಳಬೇಕಾದ ಪರಿಸ್ಥಿತಿ ಇದು. ಮಂಡಳಿಗೆ ನಿಲ್ಲುವವರು ತಮ್ಮ ಹೇಳಿಕೆಯನ್ನು ಮತದಾರರ ಕೈಪಿಡಿಯಲ್ಲಿ ಅಚ್ಚು ಹಾಕಿಸಬಹುದು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಅದಕ್ಕೆ ಸಿಗುವುದು ಸಾಮಾನ್ಯವಾಗಿ 200 ಪದಗಳ ಜಾಗ. ಅಷ್ಟರಲ್ಲಿ ಎಲ್ಲರಿಗೂ ಹಿಡಿಸುವ ಮಾತೆಂದರೆ ರಾತ್ರಿಯ ಸದ್ದು ನಿಲ್ಲಿಸುತ್ತೇನೆ ಎಂಬುದು. ಪ್ರಯಾಣಿಕ ವಿಮಾನಗಳಿರುವ ಊರಾದರೆ, ಇನ್ನಷ್ಟು ಊರುಗಳಿಗೆ ಅಗ್ಗದ ವಿಮಾನ ತರಿಸುತ್ತೇನೆ ಎಂಬುದು.

ಈ ಎರಡೂ ಮಾತುಗಳನ್ನು ಉಳಿಸಿಕೊಳ್ಳುವ ಶಕ್ತಿ ಮಂಡಳಿಗೆ ಇಲ್ಲ. ಯಾವ ಕಂಪನಿ ಎಲ್ಲಿಗೆ ಹಾರಬೇಕು, ಟಿಕೆಟ್‌ಗೆ ಎಷ್ಟು ಕೇಳಬೇಕು ಎಂಬುದನ್ನು 1978ರ ಕಾಯ್ದೆ ಕಂಪನಿಗಳಿಗೇ ಬಿಟ್ಟಿತು. ರಾಜ್ಯಗಳಾಗಲಿ ಸ್ಥಳೀಯ ಸಂಸ್ಥೆಗಳಾಗಲಿ ಅದರಲ್ಲಿ ಕೈಹಾಕುವಂತಿಲ್ಲ. ಸರಸೋಟದ ನಿಲ್ದಾಣವನ್ನು 2018ರಲ್ಲಿ 14 ಲಕ್ಷಕ್ಕಿಂತ ಕಡಿಮೆ ಜನ ಬಳಸಿದ್ದರೆ, 2023ರಲ್ಲಿ ಆ ಸಂಖ್ಯೆ 40 ಲಕ್ಷ ದಾಟಿತು. ಅಗ್ಗದ ದರದ ಕಂಪನಿಗಳು ಫ್ಲಾರಿಡಾದ ಆ ಕರಾವಳಿಯಲ್ಲಿ ಲಾಭ ಕಂಡದ್ದೇ ಇದಕ್ಕೆ ಮುಖ್ಯ ಕಾರಣ. ಮಂಡಳಿ ಶುಲ್ಕ ಇಳಿಸಿ ಅವರನ್ನು ಕರೆಯಬಹುದು. ಬರಲೇಬೇಕೆಂದು ಹೇಳಲಾಗದು, ಬಂದವರನ್ನು ಸಾಕು ಎಂದು ಕಳಿಸುವುದೂ ಸುಲಭವಲ್ಲ.

ಸದ್ದಿನ ವಿಷಯ ಇನ್ನೂ ಜಟಿಲ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಗರ ರಾತ್ರಿ 11ರಿಂದ ಬೆಳಗ್ಗೆ 7ರವರೆಗೆ ಜೆಟ್‌ಗಳು ಮೇಲೇರಕೂಡದೆಂದು ನಿಯಮ ಮಾಡಿದಾಗ, ಆಕಾಶ ಕೇಂದ್ರ ಸರ್ಕಾರದ ವ್ಯಾಪ್ತಿಯದು ಎಂದು ಸುಪ್ರೀಂ ಕೋರ್ಟ್ 1973ರಲ್ಲಿ 5-4ರ ಬಹುಮತದಿಂದ ಅದನ್ನು ರದ್ದು ಮಾಡಿತು. ನಿಲ್ದಾಣದ ಮಾಲೀಕರಿಗೆ ಉಳಿದಿದ್ದ ಸ್ವಾತಂತ್ರ್ಯವನ್ನೂ 1990ರ ಶಬ್ದ ಕಾಯ್ದೆ ಬಹಳ ಮಟ್ಟಿಗೆ ಕಟ್ಟಿಹಾಕಿತು. ಅದರ ಮೇಲೆ ಅನುದಾನದ ಷರತ್ತುಗಳಿವೆ. ರನ್‌ವೇ ಡಾಂಬರಿಗೆ ಕೇಂದ್ರದ ಹಣ ತೆಗೆದುಕೊಂಡ ನಿಲ್ದಾಣ ಎಲ್ಲ ಬಗೆಯ ವಿಮಾನಗಳಿಗೂ ನ್ಯಾಯವಾದ ಷರತ್ತಿನ ಮೇಲೆ ತೆರೆದಿರಬೇಕು, ತನ್ನ ಆದಾಯವನ್ನು ಊರಿನ ಬೇರೆ ಖರ್ಚಿಗೆ ತಿರುಗಿಸಕೂಡದು. ಆದ್ದರಿಂದಲೇ ಟ್ರಕಿಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 7ರವರೆಗಿನ ಮೌನದ ಅವಧಿ ಬರೀ ವಿನಂತಿ. ಪೈಲಟ್ ಒಪ್ಪದಿದ್ದರೆ ದಂಡ ಹಾಕುವಂತಿಲ್ಲ.

ಅಧಿಕಾರ ಹೀಗೆ ಮೇಲಿನವರದಾದರೂ ಹೊಣೆ ಕೆಳಗೇ ಉಳಿದಿದೆ. ಉತ್ತರ ಕೆರೊಲೈನಾದ ಗ್ರೀನ್ಸ್‌ಬರೊ ಬಳಿ ಕಾಸ್ಬಿ ಎಂಬ ರೈತನ ಜಮೀನಿನ ಮೇಲೆ ಯುದ್ಧಕಾಲದ ಸೇನಾ ವಿಮಾನಗಳು 83 ಅಡಿ ಎತ್ತರದಲ್ಲಿ ಹಾದುಹೋಗುತ್ತಿದ್ದವು. ಬೆದರಿದ ಕೋಳಿಗಳು ಗೋಡೆಗೆ ಹಾರಿ ಬಡಿದು ಒಂದೊಂದು ದಿನ ಆರರಿಂದ ಹತ್ತರವರೆಗೂ ಸತ್ತವು. ಒಟ್ಟು ಸುಮಾರು 150 ಸತ್ತ ಮೇಲೆ ಆತ ಕೋಳಿ ಸಾಕಣೆಯನ್ನೇ ಬಿಟ್ಟ. ಇದು ಆಸ್ತಿಯನ್ನು ಕಿತ್ತುಕೊಂಡದ್ದಕ್ಕೆ ಸಮ, ಪರಿಹಾರ ಕೊಡಬೇಕು ಎಂದು 1946ರಲ್ಲಿ ತೀರ್ಪಾಯಿತು. ಆಗ ಕೊಡಬೇಕಾದದ್ದು ಕೇಂದ್ರ ಸರ್ಕಾರ. ಆದರೆ 1962ರಲ್ಲಿ ಪಿಟ್ಸ್‌ಬರ್ಗ್ ನಿಲ್ದಾಣದ ಪ್ರಕರಣದಲ್ಲಿ, ರನ್‌ವೇ ಎಲ್ಲಿ ಹಾಕಬೇಕು, ಎಷ್ಟು ಜಮೀನು ಕೊಳ್ಳಬೇಕು ಎಂದು ತೀರ್ಮಾನಿಸಿದ್ದು ಸ್ಥಳೀಯ ಮಾಲೀಕನೇ, ಹಾಗಾಗಿ ಪರಿಹಾರವೂ ಅವನದೇ ಎಂದು ಕೋರ್ಟ್ ಹೇಳಿತು. ಮಂಡಳಿಯ ಅಭ್ಯರ್ಥಿ ಓದಲೇಬೇಕಾದ ತೀರ್ಪು ಇದು. ಅವನಿಗೆ ಬಯ್ಗುಳ ತರುವ ಕಾನೂನಷ್ಟೇ ಅಲ್ಲ, ಅವನ ನಿಜವಾದ ಅಧಿಕಾರ ಎಲ್ಲಿದೆ ಎಂಬುದೂ ಇದರಲ್ಲಿದೆ.

ಆ ಅಧಿಕಾರ ನೆಲದ ಮೇಲಿನದು. ಯಾವ ಜಮೀನು ಕೊಳ್ಳಬೇಕು, ಯಾವುದನ್ನು ಗುತ್ತಿಗೆಗೆ ಕೊಡಬೇಕು, ಹ್ಯಾಂಗರ್ ಬಾಡಿಗೆ ಎಷ್ಟು, ಇಂಧನ ಮಾರುವ ಹಕ್ಕು ಯಾರಿಗೆ, ನಿಲ್ದಾಣದ ನಿರ್ದೇಶಕನಾಗಿ ಯಾರನ್ನು ನೇಮಿಸಬೇಕು, ಯಾವಾಗ ತೆಗೆಯಬೇಕು ಎಂಬ ತೀರ್ಮಾನಗಳೆಲ್ಲ ಮಂಡಳಿಯವು. ನೀರಸವಾಗಿ ಕಾಣುವ ಇವೇ ಮೂವತ್ತು ನಲವತ್ತು ವರ್ಷಗಳ ಕಾಲ ಊರನ್ನು ಕಟ್ಟಿಹಾಕುವಂಥವು. ಟ್ರಕಿಯ ಮಂಡಳಿ 2007ರ ಸುಮಾರಿಗೆ ಪಕ್ಕದ 1,400 ಎಕರೆಗೂ ಮೀರಿದ ವಾಡಲ್ ರಾಂಚ್ ಎಂಬ ಜಮೀನನ್ನು ಬಯಲಾಗಿಯೇ ಉಳಿಸಲು ಹಣ ಹಾಕಿತು. ಹಾರುದಾರಿಯ ಕೆಳಗೆ ಮನೆಗಳು ಎದ್ದರೆ ಮುಂದೆ ಅಲ್ಲಿಂದಲೇ ದೂರುಗಳು ಬರುತ್ತವೆ. ಮನೆಗಳೇ ಇಲ್ಲದಿದ್ದರೆ ದೂರೂ ಇಲ್ಲ. ರಾತ್ರಿಯ ಸದ್ದಿನ ಬಗ್ಗೆ ಮಾಡಬಹುದಾದ ನೂರು ಭಾಷಣಗಳಿಗಿಂತ ಈ ಒಂದು ಕ್ರಯಪತ್ರ ಹೆಚ್ಚು ಕೆಲಸ ಮಾಡಿದೆ. ಸಿಯಾಟಲ್‌ನ ಮೂರನೇ ರನ್‌ವೇ ಸುತ್ತಲಿನ ಊರುಗಳ ದೀರ್ಘ ವಿರೋಧದ ನಂತರ 2008ರಲ್ಲಿ ತೆರೆಯಿತು. ವಿರೋಧಿಸಿದವರು ಸೋತರು, ಆದರೆ ಯಾರ ವಿರುದ್ಧ ಓಟು ಹಾಕಬೇಕೆಂಬುದು ಅವರಿಗೆ ಗೊತ್ತಿತ್ತು.

ಇಂಥ ಕಣದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಭ್ಯರ್ಥಿಗಳು ಕಾಣುತ್ತಾರೆ. ಒಬ್ಬ ಅಲ್ಲೇ ವಿಮಾನ ಇಟ್ಟುಕೊಂಡ ಪೈಲಟ್, ಇನ್ನೊಬ್ಬ ಹಾರುದಾರಿಯ ಕೆಳಗೆ ವಾಸವಾಗಿದ್ದು ಬೇಸತ್ತವನು. ಪೈಲಟ್ಟಿಗೆ ವಿಷಯ ಗೊತ್ತಿರುತ್ತದೆ, ಆದರೆ ಹ್ಯಾಂಗರ್ ಬಾಡಿಗೆ ಏರಿಸುವ ಪ್ರಸ್ತಾವ ಬಂದ ದಿನ ಏರುವುದು ಅವನದೇ ಬಾಡಿಗೆ. ಕ್ಯಾಲಿಫೋರ್ನಿಯಾದ 1974ರ ಕಾಯ್ದೆ ಅಭ್ಯರ್ಥಿಯ ಹಣಕಾಸಿನ ಹಿತಾಸಕ್ತಿಗಳನ್ನು ಬಹಿರಂಗಪಡಿಸಬೇಕೆನ್ನುತ್ತದೆ, ಸಂಘರ್ಷ ಬಂದಾಗ ಹಿಂದೆ ಸರಿಯಬೇಕೆನ್ನುತ್ತದೆ. ಫ್ಲಾರಿಡಾದ ಮುಕ್ತ ಸಭೆಯ ಕಾನೂನು ಇನ್ನೂ ಬಿಗಿ: ಮಂಡಳಿಯ ಇಬ್ಬರು ಸದಸ್ಯರು ಮುಂದೆ ತೀರ್ಮಾನಕ್ಕೆ ಬರುವ ವಿಷಯವನ್ನು ಕಾಫಿ ಕುಡಿಯುತ್ತಾ ಖಾಸಗಿಯಾಗಿ ಚರ್ಚಿಸುವಂತಿಲ್ಲ. ಬೇಸತ್ತ ನೆರೆಯವನ ತೊಂದರೆ ಬೇರೆ. ತಾನು ಬಂದದ್ದು ಯಾವ ಕೆಲಸಕ್ಕೋ ಅದು ತನ್ನಿಂದಾಗದು ಎಂದು ಮೊದಲ ಕೆಲವು ತಿಂಗಳಲ್ಲೇ ಅವನಿಗೆ ತಿಳಿಯುತ್ತದೆ. ಅಲ್ಲಿಂದ ನೆಲದ ಲೆಕ್ಕಪತ್ರದತ್ತ ಹೊರಳಿದರೆ ಒಳ್ಳೆಯ ಸದಸ್ಯನಾಗುತ್ತಾನೆ. ಇಲ್ಲವಾದರೆ ಪ್ರತಿ ಸಭೆಯಲ್ಲೂ ಅದೇ ಹಾಡು ಹಾಡುತ್ತಾನೆ.

ಚುನಾವಣೆಯ ವಿರುದ್ಧದ ವಾದವನ್ನೂ ತಳ್ಳಿಹಾಕುವಂತಿಲ್ಲ. ಅಧ್ಯಕ್ಷ ಪದವಿಯಿಂದ ಶಾಲಾ ಮಂಡಳಿಯವರೆಗೆ ಸಾಗುವ ಉದ್ದನೆಯ ಮತಪತ್ರದ ತಳದಲ್ಲಿ ಈ ಹುದ್ದೆಯ ಹೆಸರು ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಖಾಲಿ ಸ್ಥಾನಗಳಿಗಿಂತ ಹೆಚ್ಚು ಜನ ನಿಲ್ಲದಿದ್ದರೆ ಮತದಾನವೇ ಇಲ್ಲ. ನಿಂತವರು ಅವಿರೋಧವಾಗಿ ಕೂರುತ್ತಾರೆ. ಮಿನಿಯಾಪೊಲಿಸ್‌ನಂತೆ ಹೆಚ್ಚಿನ ಸದಸ್ಯರನ್ನು ಗವರ್ನರ್ ನೇಮಿಸುವ ಕಡೆ ಅನುಭವಸ್ಥರು ಸಿಗುವ ಸಾಧ್ಯತೆ ಹೆಚ್ಚು. ಆದರೆ ನೇಮಕಗೊಂಡವನು ಉತ್ತರ ಹೇಳುವುದು ನೇಮಿಸಿದವನಿಗೆ. ನೆಲ ಮತ್ತು ಗುತ್ತಿಗೆಯ ವಿಷಯದಲ್ಲಿ ತಜ್ಞತೆಯನ್ನು ಸಂಬಳ ಕೊಟ್ಟು ತರಿಸಿಕೊಳ್ಳಬಹುದು. ಊರಿಗೆ ಬೇಕಾದುದು ಯಾವುದು ಎಂಬ ಆಯ್ಕೆಯನ್ನು ಹಾಗೆ ತರಿಸಲಾಗದು. ಅಷ್ಟರ ಮಟ್ಟಿಗೆ ಚುನಾವಣೆಯ ಪಕ್ಷ ಗಟ್ಟಿ. ತೆರಿಗೆ ಎತ್ತುವ ಪ್ರಾಧಿಕಾರವಾದರೆ ಇನ್ನೂ ಗಟ್ಟಿ.

ಕರ್ನಾಟಕದಲ್ಲಿ ಈ ಹುದ್ದೆಗೆ ಸಮನಾದದ್ದಿಲ್ಲ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಿಗೆ ಸಂಸದರ ಅಧ್ಯಕ್ಷತೆಯ ಸಲಹಾ ಸಮಿತಿಗಳಿವೆ. ಅವು ಸಲಹೆ ಕೊಡುತ್ತವೆ, ಅಷ್ಟೆ. ದೇವನಹಳ್ಳಿಯ ನಿಲ್ದಾಣಕ್ಕಾಗಿ 2004ರಲ್ಲಿ ಆದ ಒಪ್ಪಂದ, ಮೈಸೂರು ಮತ್ತು ಹಾಸನ ಬಿಟ್ಟು 150 ಕಿ.ಮೀ. ಒಳಗೆ 25 ವರ್ಷ ಬೇರೊಂದು ಅಂತರರಾಷ್ಟ್ರೀಯ ನಿಲ್ದಾಣ ಬರದಂತೆ ಕಟ್ಟುಹಾಕಿತು. ಅದೇ ಒಪ್ಪಂದದಂತೆ 2008ರ ಮೇ ತಿಂಗಳಲ್ಲಿ ನಗರದೊಳಗಿನ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ನಿಗದಿತ ಪ್ರಯಾಣಿಕ ವಿಮಾನಗಳು ನಿಂತಾಗ ಬೆಂಗಳೂರಿನಲ್ಲಿ ಪ್ರತಿಭಟನೆಗಳಾದವು. ಆ ವೇಳೆಗೆ ಕರಾರಿಗೆ ಸಹಿ ಬಿದ್ದು ಸುಮಾರು ನಾಲ್ಕು ವರ್ಷ ಕಳೆದಿತ್ತು.