ಎರಡನೇ ಆಲ್ಬಮ್ಮು ಮತ್ತು ನಮ್ಮ ಗ್ಯಾದರಿಂಗು

ಗ್ಯಾದರಿಂಗ್ ಹತ್ತಿರ ಬಂತೆಂದರೆ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಗಳಲ್ಲಿ ಪ್ರತಿವರ್ಷ ಅದೇ ವಾದ. ಮಕ್ಕಳಿಗೆ ಸಿನಿಮಾ ಹಾಡಿನ ಕುಣಿತ ಬೇಕು. ತತ್ವಪದ ಹಾಡೋಣ ಎಂದರೆ, "ಸರ್, ಅವು ಅಜ್ಜಗೋಳ ಹಾಡ್ರೀ" ಅನ್ನುತ್ತಾರೆ. ನಮ್ಮ ಶಿಕ್ಷಕರಲ್ಲೂ ಕೆಲವರದು ಒಂದು ತಕರಾರು: ಯಾರೋ ಹಾಡಿದ್ದನ್ನೇ ಮತ್ತೆ ಹಾಡಿಸಿದರೆ ಮಕ್ಕಳ ಸ್ವಂತಿಕೆ ಎಲ್ಲಿ ಉಳಿಯಿತು?

ಇದಕ್ಕೆ ಉತ್ತರ ಇಂಗ್ಲೆಂಡಿನ ಬೀಟಲ್ಸ್ ತಂಡದ ಎರಡನೇ ಆಲ್ಬಮ್ಮಿನಲ್ಲಿದೆ. 'ವಿತ್ ದ ಬೀಟಲ್ಸ್' ಬಂದದ್ದು 1963ರ ನವೆಂಬರ್ 22ರಂದು. ಅಲ್ಲಿಯವರೆಗೆ 30 ವಾರ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಅವರದೇ ಮೊದಲ ಆಲ್ಬಮ್. ಅದನ್ನು ಕೆಳಗಿಳಿಸಿದ ಎರಡನೆಯದು 21 ವಾರ ಆ ಜಾಗ ಬಿಡಲಿಲ್ಲ. ಆದರೆ ಅದರ 14 ಹಾಡುಗಳಲ್ಲಿ 6 ಬೇರೆಯವರವು, ಅಮೆರಿಕದವರು ಮೊದಲೇ ಹಾಡಿದ್ದವು. 20 ವರ್ಷದ ಜಾರ್ಜ್ ಹ್ಯಾರಿಸನ್ ಒಬ್ಬನೇ ಬರೆದ ಹಾಡು ಮೊದಲ ಸಲ ಹೊರಬಂದದ್ದೂ ಅದೇ ಆಲ್ಬಮ್ಮಿನಲ್ಲಿ. ಹಿರಿಯರ ಹಾಡು ಹಾಡುತ್ತಲೇ ಸ್ವಂತದ್ದು ಹುಟ್ಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ನಮ್ಮವರ ಕಡೆಗೂ ನೋಡೋಣ. ಮಹಾರಾಷ್ಟ್ರದ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರ್, ವಯೋಲಿನ್ ಜೊತೆ ಹಾಡಿದರು. 2010ರಲ್ಲಿ ಬಿಬಿಸಿಯಲ್ಲಿ ಹಾಡಿದ ಮೇಲೆ ಆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2013ರ ಎರಡನೇ ಆಲ್ಬಮ್ 'ಜಗ್ ಚಂಗಾ'ದಲ್ಲೂ ಅವರು ಶರೀಫರನ್ನು ಬಿಡಲಿಲ್ಲ. ಅಂದಹಾಗೆ, ಶರೀಫರೂ (1819–1889) ಕೆಲಕಾಲ ನಮ್ಮ ಹಾಗೆ ಶಾಲಾ ಮಾಸ್ತರರೇ.

ಆದರೆ ಲಂಡನ್ನಿನವರು ಮೆಚ್ಚಿದರು ಎಂಬ ಕಾರಣಕ್ಕೆ ನಾವು ತತ್ವಪದ ಕಲಿಸಬೇಕಾಗಿಲ್ಲ. ನಮ್ಮ ಕಾರಣ ಬೇರೆ. ಪುಣೆಯ ಬಾಲಭಾರತಿ ನಮ್ಮ ಮಕ್ಕಳಿಗೆ ಕನ್ನಡ ಪಠ್ಯಪುಸ್ತಕ ಕೊಡುತ್ತದೆ, ಅದು ಸಂತೋಷದ ಮಾತು. ಆದರೆ ಬಸ್ಸಿನ ಬೋರ್ಡು, ತಹಶೀಲ ಕಚೇರಿಯ ಅರ್ಜಿ ಎಲ್ಲ ಮರಾಠಿ. ಮರಾಠಿಯೂ ನಮ್ಮದೇ, ಅದರ ಮೇಲೆ ಸಿಟ್ಟಿಲ್ಲ. ಪುಸ್ತಕ ಅಕ್ಷರ ಕಲಿಸಬಹುದು, ಮನೆಮಾತಿನ ಸೊಗಡು ಭಜನಾ ಮೇಳದ ಅಜ್ಜನ ಬಾಯಲ್ಲಿದೆ. ಆ ಅಜ್ಜ ಹೋದರೆ ಎಷ್ಟೋ ಶಬ್ದಗಳು ಅವನ ಹಿಂದೆಯೇ ಹೋಗುತ್ತವೆ.

ಆದ್ದರಿಂದ ನಮ್ಮ ಸೂಚನೆ ಇಷ್ಟೇ. ಸಿನಿಮಾ ಕುಣಿತ ಒಂದೆರಡು ಇರಲಿ. ಈ ವರ್ಷ ಪ್ರತಿ ಮಗು ತನ್ನೂರಿನ ಭಜನಿಯವರಿಂದ ಒಂದು ಪದ ಕಲಿತು ಬರಲಿ. ಮೊಬೈಲಿನಿಂದಲ್ಲ, ಎದುರಿಗೆ ಕುಳಿತು. ಮರುವರ್ಷ ಅದೇ ಧಾಟಿಯಲ್ಲಿ ತನ್ನದೊಂದು ನುಡಿ ಕಟ್ಟಲಿ: ಬರದ ಮೇಲೆ, ನೀರಿನ ಟ್ಯಾಂಕರಿನ ಮೇಲೆ, ದಾಳಿಂಬೆ ತೋಟದ ಮೇಲೆ, ಕಬ್ಬು ಕಡಿಯಲು ಹೋದ ಅಪ್ಪ ಅವ್ವನ ಮೇಲೆ. ಮೊದಲ ವರ್ಷದ ಹಾಡು ಅಜ್ಜನದು, ಎರಡನೇ ವರ್ಷದ್ದು ಮಗುವಿನದು.

ಏನಂತೀರಿ, ಗುರುಬಂಧುಗಳೇ?