ಮಗಳು ಸೈಕಲ್ ಪ್ರವಾಸಕ್ಕೆ ಹೊರಟರೆ



ಕಾಲೇಜಿಗೆ ಹೋಗುವ ಮಗಳು ಅಡಿಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ನಾವು ಆರು ಜನ ಗೆಳತಿಯರು ಸೈಕಲ್ಲಿನಲ್ಲಿ ಮರವಂತೆಗೆ ಹೋಗಿ, ಒಂದು ರಾತ್ರಿ ಉಳಿದು ಬರ್ತೇವೆ" ಎಂದರೆ ನೀವು ಏನು ಹೇಳುತ್ತೀರಿ? "ಅಪ್ಪನ್ನ ಕೇಳು" ಅಂತೀರಿ. ಅಪ್ಪ "ಅಮ್ಮನ್ನ ಕೇಳು" ಅಂತಾರೆ. ಎರಡು ದಿನ ಹೀಗೆ ಅತ್ತಿಂದಿತ್ತ ಓಡಾಡಿ ಹುಡುಗಿ ಕೇಳುವುದನ್ನೇ ಬಿಡುತ್ತಾಳೆ. ಬೇಡ ಎಂದು ಯಾರೂ ಹೇಳಲಿಲ್ಲ, ಆದರೂ ಬೇಡವೇ ಆಯಿತು. ಹೆಣ್ಣುಮಕ್ಕಳ ಎಷ್ಟೋ ಆಸೆಗಳು ನಮ್ಮ ಮನೆಗಳಲ್ಲಿ ಹೀಗೇ ಮುಗಿಯುವುದು, ಅಲ್ಲವೇ?

ಅದೇ ಮಗ ಕೇಳಿದರೆ? "ಜಾಗ್ರತೆ ಮಾರಾಯ, ಹೆಲ್ಮೆಟ್ ಹಾಕ್ಕೋ" ಎಂದು ಕೈಗೆ ಇನ್ನೂರು ರೂಪಾಯಿ ಕೊಟ್ಟು ಕಳಿಸುತ್ತೇವೆ. ರಸ್ತೆ ಇಬ್ಬರಿಗೂ ಒಂದೇ, ಲಾರಿಯೂ ಒಂದೇ. ಪ್ರಶ್ನೆ ಮಾತ್ರ ಬೇರೆ ಬೇರೆ.

ನಮ್ಮದು ಸಿದ್ದಾಪುರ. ಉತ್ತರ ಕನ್ನಡದ್ದಲ್ಲ, ಕುಂದಾಪುರದ ಕಡೆಯದು, ಬಾಳೆಬರೆ ಘಾಟಿಯ ಕೆಳಗಿನದು. ಇಲ್ಲಿ ಸೈಕಲ್ ತುಳಿಯುವ ಹುಡುಗಿ ಹೊಸತೇನಲ್ಲ. 2006-07ರಿಂದ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಸುರು ಮಾಡಿತು. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತಿತು. ಆದರೆ ಅಷ್ಟರೊಳಗೆ ನಮ್ಮ ಹಳ್ಳಿಗಳಲ್ಲಿ ಮನೆಮನೆಗೂ ಒಂದು ಸೈಕಲ್ ಬಂದಿತ್ತು. ಹತ್ತನೆಯ ತರಗತಿ ಮುಗಿದ ಮೇಲೆ ಅದು ಎಲ್ಲಿಗೆ ಹೋಯಿತು ನೋಡಿ. ಹುಡುಗನದಾದರೆ ಪೇಟೆಗೆ, ಕ್ರಿಕೆಟ್ಟಿಗೆ ಓಡುತ್ತದೆ. ಹುಡುಗಿಯದಾದರೆ ಕೊಟ್ಟಿಗೆಯಲ್ಲಿ ಸೌದೆಗೆ ಒರಗಿ ತುಕ್ಕು ಹಿಡಿಯುತ್ತದೆ. ಶಾಲೆಗೆಂದು ತುಳಿದ ಕಾಲು ಸಂತೋಷಕ್ಕೆಂದು ಯಾಕೆ ತುಳಿಯಬಾರದು?

ಹೋದ ಡಿಸೆಂಬರಿನಲ್ಲಿ ನಮ್ಮ ಮಗಳು ಕೇಳಿದಾಗ ಅತ್ತೆಯವರು, "ಎಂತ ಮಾರಾಯ್ತಿ, ಹೆಣ್ಣ್ ಮಕ್ಳನ್ನ್ ಅಷ್ಟ್ ದೂರ ಸೈಕಲ್ಲಗ್ ಕಳ್ಸುದಾ?" ಎಂದರು. ಹಿರಿಯರ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ರಸ್ತೆಯ ಹೆದರಿಕೆ ಎಷ್ಟು, ಜನ ಏನೆಂದಾರು ಎಂಬ ಹೆದರಿಕೆ ಎಷ್ಟು ಎಂದು ಬೇರೆ ಮಾಡಿ ನೋಡಬೇಕು. ಅಕ್ಕಿ ಗೇರಿದ ಹಾಗೆ! ರಸ್ತೆಯ ಹೆದರಿಕೆಗೆ ತಯಾರಿಯಿದೆ. ಇನ್ನೊಂದಕ್ಕೆ ಯಾವ ತಯಾರಿಯೂ ಸಾಲುವುದಿಲ್ಲ, ಅದನ್ನು ಗಾಳಿಗೆ ಬಿಡುವುದೇ ಸರಿ.

ಜನ ಆಡಿಕೊಂಡದ್ದನ್ನು ಕೇಳಿಯೂ ಕಲಿತವರಿದ್ದಾರೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಕಲ್ಲುಕ್ವಾರಿಯ ಕೂಲಿಯವರು, ನರ್ಸುಗಳು, ಅಂಗನವಾಡಿಯವರು ಒಟ್ಟೊಟ್ಟಿಗೆ ಕಲಿತರು. ಲೇಡೀಸ್ ಸೈಕಲ್ ಸಾಕಷ್ಟು ಸಿಗದಾಗ ಗಂಡಸರ ಸೈಕಲ್ಲನ್ನೇ ತುಳಿದರು. ಒಬ್ಬಳೇ ಕಲಿಯಹೊರಟರೆ ನಗುವ ಊರು, ನೂರು ಜನ ಕಲಿತರೆ ದಾರಿ ಬಿಡುತ್ತದೆ.

ಇನ್ನೊಬ್ಬಳ ಕತೆ ನನಗೆ ಬಹಳ ಹತ್ತಿರವೆನಿಸುತ್ತದೆ. ಐರ್ಲೆಂಡಿನ ಡರ್ವ್ಲಾ ಮರ್ಫಿಗೆ ಹತ್ತು ವರ್ಷವಾದಾಗ ಒಂದು ಸೈಕಲ್ಲು, ಒಂದು ಭೂಪಟದ ಪುಸ್ತಕ ಉಡುಗೊರೆ ಸಿಕ್ಕಿತು. ಭಾರತಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಆಗಲೇ ನಿಶ್ಚಯಿಸಿದಳು. ಆದರೆ ತಾಯಿ ಕಾಯಿಲೆಯವರು. ಹದಿನಾಲ್ಕಕ್ಕೇ ಶಾಲೆ ಬಿಟ್ಟು ತಾಯಿಯ ಸೇವೆಗೆ ನಿಂತಳು. ತಾಯಿ ತೀರಿಕೊಂಡ ಮೇಲೆ, ಮೂವತ್ತೊಂದನೆಯ ವಯಸ್ಸಿನಲ್ಲಿ, 1963ರ ಜನವರಿಯ ಚಳಿಯಲ್ಲಿ ಒಬ್ಬಳೇ ಹೊರಟು ದೆಹಲಿ ಮುಟ್ಟಿದಳು. ಮುಂದೆ ಐದು ವರ್ಷದ ಮಗಳನ್ನು ಕರಕೊಂಡು ನಮ್ಮ ಕೊಡಗಿಗೂ ಬಂದು ಉಳಿದು, ಆ ಬಗ್ಗೆ ಪುಸ್ತಕ ಬರೆದಳು. ಮನೆಯ ಹೊಣೆ ಎಂದರೇನೆಂದು ಈ ಹೆಂಗಸಿಗೆ ತಿಳಿಯದೇ? ಹೊಣೆ ಹೊತ್ತವಳಿಗೂ ಆಸೆ ಇರುತ್ತದೆ, ಅದು ಇಪ್ಪತ್ತು ವರ್ಷ ಕಾದುಕೊಂಡೂ ಇರುತ್ತದೆ. ನಮ್ಮ ಮಕ್ಕಳು ಅಷ್ಟು ಕಾಯಬೇಕೇ ಎಂಬುದಷ್ಟೇ ಪ್ರಶ್ನೆ.

ಸರಿ, ಕಳಿಸುವುದೆಂದು ತೀರ್ಮಾನಿಸಿದಿರಿ. ಇನ್ನು ತಯಾರಿಯ ಮಾತು.

ದಾರಿ: ಮೊದಲ ಸಲ ಘಾಟಿ ಬೇಡ. ಬಾಳೆಬರೆ, ಆಗುಂಬೆ ಹತ್ತುವುದು ಅಭ್ಯಾಸವಾದ ಮೇಲಿನ ಮಾತು. ಸಿದ್ದಾಪುರದಿಂದ ಶಂಕರನಾರಾಯಣ, ಹಾಲಾಡಿ, ಕೋಟೇಶ್ವರ, ಕುಂದಾಪುರ, ಹೆಮ್ಮಾಡಿ, ತ್ರಾಸಿ ದಾಟಿ ಮರವಂತೆ. ಒಟ್ಟು ಐವತ್ತೈದು ಅರವತ್ತು ಕಿಲೋಮೀಟರಿನ ಆಸುಪಾಸು. ಸಾಧಾರಣ ಸೈಕಲ್ಲಿನಲ್ಲಿ ಗಂಟೆಗೆ ಹನ್ನೆರಡು ಕಿಲೋಮೀಟರು ಹಿಡಿದರೆ ಐದು ಗಂಟೆ ತುಳಿಯುವುದು, ಎರಡು ಗಂಟೆ ವಿಶ್ರಾಂತಿ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನದೂಟಕ್ಕೆ ಮುಟ್ಟಬಹುದು. ನಮ್ಮ ವಾರಾಹಿ ಹಾಲಾಡಿಯಲ್ಲಿ ಹಾಲಾಡಿ ಹೊಳೆ ಎನಿಸಿಕೊಂಡು ಗಂಗೊಳ್ಳಿಯಲ್ಲಿ ಕಡಲು ಸೇರುವುದನ್ನು ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ಹೊಳೆಯ ಜೊತೆಗೇ ಕಡಲ ತನಕ ಇಳಿದು ನೋಡಲಿ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಆದರೆ ನೀರಿಗೆ ಇಳಿಯಕೂಡದು, ಅಲ್ಲಿನ ಅಲೆ ನಂಬುವಂಥದಲ್ಲ.

ಅಭ್ಯಾಸ: ಹೊರಡುವ ಒಂದು ತಿಂಗಳು ಮೊದಲೇ ರವಿವಾರಗಳಲ್ಲಿ ಹತ್ತು, ಇಪ್ಪತ್ತು, ಮೂವತ್ತು ಕಿಲೋಮೀಟರು ಎಂದು ಏರಿಸುತ್ತ ಹೋಗಲಿ. ಸೀಟಿನ ಎತ್ತರ ಸರಿಯಿರಬೇಕು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿಗೆ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾದರೆ ಮಂಡಿನೋವು ಖಂಡಿತ. ಬ್ರೇಕು, ಚೈನು, ಟಯರು ಎರಡು ದಿನ ಮೊದಲೇ ತೋರಿಸಿ. ಪಂಕ್ಚರ್ ಹಾಕುವುದನ್ನು ಇಬ್ಬರಾದರೂ ಸೈಕಲ್ ಅಂಗಡಿಯಲ್ಲಿ ಕೂತು ಕಲಿಯಲಿ. ಪಂಪು, ಸ್ಪ್ಯಾನರು, ಸೊಲ್ಯೂಷನ್, ಒಂದು ಹೊಸ ಟ್ಯೂಬು ಜೊತೆಗಿರಲಿ. ಚೀಲವನ್ನು ಬೆನ್ನಿಗೆ ಹಾಕದೆ ಕ್ಯಾರಿಯರಿಗೆ ಕಟ್ಟಬೇಕು. ಚೂಡಿದಾರದ ಶಾಲು ಚಕ್ರಕ್ಕೆ ಸಿಕ್ಕುವ ಅಪಾಯವುಂಟು, ಅದನ್ನು ಚೀಲದಲ್ಲಿಡಲಿ.

ರಸ್ತೆ: ಕೋಟೇಶ್ವರದಿಂದ ಮುಂದೆ 66ನೇ ರಾಷ್ಟ್ರೀಯ ಹೆದ್ದಾರಿ. ಎಡಬದಿಯ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು. ಜೋಡಿಯಾಗಿ ಮಾತಾಡುತ್ತ ಹೋಗಬಾರದು. ಎಲ್ಲರಿಗಿಂತ ನಿಧಾನದವಳು ಮುಂದಿರಲಿ, ಗಟ್ಟಿಗಳು ಕೊನೆಯಲ್ಲಿ. ಆಗ ಯಾರೂ ಹಿಂದೆ ಉಳಿಯುವುದಿಲ್ಲ. ಕತ್ತಲಾದ ಮೇಲೆ ಸೈಕಲ್ ಬೇಡವೇ ಬೇಡ.

ನಾಚಿಕೆಯಿಂದ ಹೇಳದೆ ಬಿಡುವ ಒಂದು ಮಾತೂ ಇದೆ. ದಾರಿಯಲ್ಲಿ ಎಲ್ಲಿ ಹೋಗುವುದೆಂಬ ಯೋಚನೆಗೆ ಹುಡುಗಿಯರು ನೀರೇ ಕುಡಿಯುವುದಿಲ್ಲ. ಸೆಕೆಯಲ್ಲಿ ತುಳಿಯುವಾಗ ತಲೆಸುತ್ತು ಬರುವುದು ಇದರಿಂದಲೇ. ಎಲ್ಲೆಲ್ಲಿ ನಿಲ್ಲುವುದು, ಯಾವ ನೆಂಟರ ಮನೆ, ಯಾವ ಹೋಟೆಲು, ಯಾವ ಬಸ್‌ಸ್ಟ್ಯಾಂಡು ಎಂದು ಮೊದಲೇ ಗುರುತು ಹಾಕಿಕೊಡಿ. ತಿಂಗಳ ದಿನಗಳ ಸಾಮಾನು ಚೀಲದಲ್ಲಿ ಇದ್ದೇ ಇರಲಿ. ಬಾಯಾರುವ ಮೊದಲೇ ನೀರು, ನಡುವೆ ಬೊಂಡ ಅಥವಾ ಉಪ್ಪು ಸಕ್ಕರೆ ಹಾಕಿದ ಲಿಂಬೆ ಪಾನಕ.

ಬುತ್ತಿಗೆ ಅವಲಕ್ಕಿ ಉಂಡೆ ಒಳ್ಳೆಯದು. ತೆಳು ಅವಲಕ್ಕಿ 2 ಕಪ್ಪು ಗರಿಗರಿಯಾಗಿ ಹುರಿದು ತರಿಯಾಗಿ ಪುಡಿ ಮಾಡಿ. ನೆಲಗಡಲೆ 1 ಕಪ್ಪು ಹುರಿದು ಸಿಪ್ಪೆ ತೆಗೆದು ಜಜ್ಜಿ. ಎಳ್ಳು ಅರ್ಧ ಕಪ್ಪು ಹುರಿಯಿರಿ. ಒಂದೂವರೆ ಕಪ್ಪು ಬೆಲ್ಲಕ್ಕೆ ಕಾಲು ಕಪ್ಪು ನೀರು ಹಾಕಿ ಒಂದೆಳೆ ಪಾಕ ಬಂದಾಗ ಎಲ್ಲವನ್ನೂ ಏಲಕ್ಕಿ ಪುಡಿಯೊಂದಿಗೆ ಬೆರೆಸಿ. ಕೈಗೆ ತುಪ್ಪ ಸವರಿಕೊಂಡು ಬಿಸಿಯಿರುವಾಗಲೇ ಲಿಂಬೆ ಗಾತ್ರದ ಉಂಡೆ ಕಟ್ಟಿ. ಹಸಿ ತೆಂಗಿನಕಾಯಿ ಮಾತ್ರ ಹಾಕಬೇಡಿ, ಬಿಸಿಲಿಗೆ ಹಳಸುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. 1928ರಲ್ಲಿ ಎಪ್ಪತ್ತು ಸಾವಿರ ಕಿಲೋಮೀಟರಿಗೂ ಮೇಲೆ ಸುತ್ತಿ ಪೂರ್ತಿ ಮುಗಿಸಿದವರು ಮೂವರು, ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ. ಉಳಿದ ಮೂವರು ನಡುದಾರಿಯಲ್ಲಿ ಬೇರಾದರು. ಗುಂಪು ಎಂದ ಮೇಲೆ ಇದು ಇದ್ದದ್ದೇ. ಹಾಗಾಗಿ ಹೊರಡುವ ಮೊದಲೇ ಮಕ್ಕಳು ಮಾತಾಡಿಕೊಳ್ಳಬೇಕು: ಒಬ್ಬಳಿಗೆ ಆಗದಿದ್ದರೆ ಏನು ಮಾಡುವುದು? ನಮ್ಮ ಮಗಳ ಗುಂಪಿನಲ್ಲಿ ಹಾಲಾಡಿ ದಾಟಿದ ಮೇಲೆ ಒಬ್ಬಳಿಗೆ ಮಂಡಿ ಹಿಡಿಯಿತು. ಯಾರೂ ಅವಳನ್ನು ಹಂಗಿಸಲಿಲ್ಲ. ಸೈಕಲ್ಲನ್ನು ಗೂಡ್ಸ್ ರಿಕ್ಷಾಕ್ಕೆ ಹಾಕಿ, ಜೊತೆಗೆ ಇನ್ನೊಬ್ಬಳನ್ನು ಕೂರಿಸಿ ತ್ರಾಸಿಯ ನೆಂಟರ ಮನೆಗೆ ಕಳಿಸಿದರು. ಖರ್ಚನ್ನು ಆರು ಪಾಲು ಮಾಡಿದರು. ನಮಗೆ ಫೋನು ಬಂದದ್ದು ಎಲ್ಲ ತೀರ್ಮಾನವಾದ ಮೇಲೆ, ಕೇಳುವುದಕ್ಕಲ್ಲ, ತಿಳಿಸುವುದಕ್ಕೆ.

ಆ ಫೋನಿಗಾಗಿಯೇ ಕಳಿಸಬೇಕು ಎನ್ನುತ್ತೇನೆ ನಾನು. ನಾಳೆ ಇದೇ ಹುಡುಗಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತಾಳೆ, ಮದುವೆಯಾಗಿ ಇನ್ನೊಂದು ಮನೆ ಸೇರುತ್ತಾಳೆ. ಅಲ್ಲಿ ಕಷ್ಟ ಬಂದಾಗ ಕೈಕಾಲು ಬಿಡದೆ ಯೋಚಿಸುವುದನ್ನು ನಾವು ಎಲ್ಲಿ ಕಲಿಸಿದ್ದೇವೆ? ಬಸ್‌ಸ್ಟಾಪಿನ ತನಕ ಕೈಹಿಡಿದು ಕರಕೊಂಡು ಹೋಗುವುದರಿಂದ ಅದು ಬರುವುದಿಲ್ಲ. ಗೆಳತಿಯರೊಂದಿಗೆ, ಗುರುತಿನ ದಾರಿಯಲ್ಲಿ, ನೆಂಟರ ಮನೆಯ ರಕ್ಷಣೆಯಲ್ಲಿ ಎರಡು ದಿನ ತಾವೇ ತಾವಾಗಿ ಇರುವುದಕ್ಕಿಂತ ಒಳ್ಳೆಯ ಪಾಠ ಯಾವುದಿದೆ ಹೇಳಿ.

ಹಾಂ, ಮಗಳಿಲ್ಲದ ಎರಡು ದಿನ ಅವಳ ಪಾಲಿನ ಪಾತ್ರೆ, ಕಸ ಯಾರು ಮಾಡುವುದು ಎನ್ನುತ್ತೀರಾ? ಮನೆಯಲ್ಲಿ ಅಣ್ಣನೋ ತಮ್ಮನೋ ಇದ್ದಾನಲ್ಲ. ಅವನಿಗೂ ಅದೊಂದು ಪ್ರವಾಸವೇ!