ಥಟ್ ಅಂತ ಯಾರು ಹೇಳಬೇಕು?

ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯನ್ನು ಬೈಯಲು ನಾನು ಕೂತಿಲ್ಲ. ಡಾ. ನಾ. ಸೋಮೇಶ್ವರ ವೈದ್ಯಕೀಯ ಓದಿದವರು, ಆರೋಗ್ಯದ ವಿಚಾರವನ್ನು ಕನ್ನಡದಲ್ಲಿ ಬರೆದವರು. 2002ರಿಂದ ಸರ್ಕಾರಿ ದೂರದರ್ಶನದಲ್ಲಿ ಸಾವಿರಾರು ಕಂತು ಪ್ರಶ್ನೆ ಕೇಳಿದರು. ಉತ್ತರ ಹೇಳಿದವರ ಕೈಗೆ ಕೊಟ್ಟದ್ದು ಪುಸ್ತಕ. ಅದಕ್ಕೆ ಎರಡು ವರ್ಷ ಮುಂಚೆ, 2000ದಲ್ಲಿ, ಖಾಸಗಿ ಚಾನೆಲ್ಲು ಅಮಿತಾಭ್ ಬಚ್ಚನ್ನರನ್ನು ಕೂರಿಸಿ ಒಂದೊಂದು ಉತ್ತರಕ್ಕೂ ರೇಟು ಕಟ್ಟಿತ್ತು, ಕೋಟಿಯವರೆಗೆ. ದುಡ್ಡಿನ ಆ ಜಾತ್ರೆಯ ಎದುರು ಪುಸ್ತಕ ಹಂಚುವ ಮೇಷ್ಟ್ರು ದೊಡ್ಡವರೇ. ಅಕ್ಷರ ಮುಟ್ಟಗೊಡದ ನಾಡಿನಲ್ಲಿ ಅದನ್ನು ಸಣ್ಣ ಕೆಲಸ ಅಂತ ಯಾವ ಬಾಯಲ್ಲಿ ಹೇಳಲಿ?

ನನ್ನ ಜಗಳ ನಮ್ಮ ಶಾಲೆಗಳ ಜೊತೆ. ಸೋಮೇಶ್ವರರ ಎದುರಿನ ಆ ಕುರ್ಚಿ ಸಾರ್ವಜನಿಕರದು. ಅಲ್ಲಿಗೆ ಕೇರಿಯ ಹುಡುಗ ಹೋಗದ ಹಾಗೆ ತಡೆದಿರುವುದು ಏನು?

ಪೆರೇಸಂದ್ರದ ಕಡೆಗೆ ಬನ್ನಿ. ಹೈದರಾಬಾದಿಗೆ ಹೋಗುವ ಹೆದ್ದಾರಿ ಮೇಲಿನ ಊರು. ಈ ಸೀಮೆಯ ಎಷ್ಟೋ ಮನೆಗಳ ಮಾತು ತೆಲುಗು. ಪ್ರಶ್ನೆ ಪುಸ್ತಕದ ಕನ್ನಡದಲ್ಲಿ ಕಿವಿಗೆ ಬಿದ್ದು, ತೆಲುಗಿಗೆ ಹೊರಳಿ, ಉತ್ತರ ತಿರುಗಿ ಕನ್ನಡಕ್ಕೆ ಬರೋ ಹೊತ್ತಿಗೆ ‘ಥಟ್’ ಮುಗಿದುಹೋಗಿರುತ್ತೆ. ಆಗ ಮೇಷ್ಟ್ರು ಅಂತಾರೆ: “ಇವಕ್ಕೆ ತಲೆಗೆ ಹತ್ತಲ್ಲ.” ತಲೆಯದಲ್ಲ ಸ್ವಾಮಿ, ನಾಲಗೆಗೆ ಎರಡು ಮೆಟ್ಟಿಲು ಜಾಸ್ತಿ ಇಟ್ಟಿದ್ದೀರಿ.

ಅವನ ತಾತ ನೀರುಗಂಟಿ. ಕೆರೆಯ ತೂಬು ಎಷ್ಟು ಎತ್ತಿದರೆ ಕೊನೆಯ ಗದ್ದೆಗೆ ನೀರು ಮುಟ್ಟುತ್ತೆ ಅಂತ ಬಲ್ಲ. ತಮಟೆಯ ಚರ್ಮ ಬೆಂಕಿಗೆ ಎಷ್ಟು ಕಾದರೆ ದನಿ ಬಿಡುತ್ತೆ ಅಂತ ಚಿಕ್ಕಪ್ಪ ಬಲ್ಲ. ಇದು ವಿಜ್ಞಾನವಲ್ಲವೇ? ಶಾಲೆಯ ಕ್ವಿಜ್ ಪುಸ್ತಕಕ್ಕೆ ಇದು ‘ಸಾಮಾನ್ಯ ಜ್ಞಾನ’ ಅಲ್ಲ. ದ್ರೌಪದಿಯ ಗಂಡಂದಿರ ಹೆಸರು ಸಾಮಾನ್ಯ ಜ್ಞಾನ! ಯಾರಿಗಪ್ಪ ಸಾಮಾನ್ಯ?

1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು ನಮ್ಮ ಮಕ್ಕಳಿಗೆ ಬಾಯಿಪಾಠ. ಇರಲಿ, ಬೇಕಾದದ್ದೇ. ಆದರೆ 2000ದ ಮಾರ್ಚ್ 11ರಂದು, ಇದೇ ಸೀಮೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸುಟ್ಟವರು ಯಾರು? ಥಟ್ ಅಂತ ಹೇಳಿ! ಹದಿನಾಲ್ಕು ವರ್ಷ ಕೊಟ್ಟರೂ ಈ ವ್ಯವಸ್ಥೆಯ ಬಾಯಿಂದ ಉತ್ತರ ಹೊರಡಲಿಲ್ಲ. ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದ ಮೇಷ್ಟ್ರು ಎಷ್ಟು ಜನ?

2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಸರ್ಕಾರ ಇದೇ ಚಂದನದಲ್ಲಿ ‘ಸಂವೇದ’ ಪಾಠ ಬಿತ್ತರಿಸಿತು. ಟಿವಿ ಇದ್ದವನಿಗೆ ಪಾಠ, ಇಲ್ಲದವನಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ. ಹಾಗೆ ಹೋದವರಲ್ಲಿ ತಿರುಗಿ ಬೆಂಚಿಗೆ ಬಂದವರನ್ನು ಎಣಿಸಿದ್ದೀರಾ?

ಮೇಷ್ಟ್ರುಗಳೇ, ಗೆಳೆಯರೇ, ಬರುವ ಶನಿವಾರ ಆ ಹುಡುಗನನ್ನೇ ಸೋಮೇಶ್ವರರ ಜಾಗದಲ್ಲಿ ಕೂರಿಸಿ. ಪ್ರಶ್ನೆ ಅವನು ಕೇಳಲಿ, ತೆಲುಗಲ್ಲೇ ಕೇಳಲಿ, ತೂಬಿನದು, ತಮಟೆಯದು, ಕಂಬಾಲಪಲ್ಲಿಯದು. ನಿಮಗೆ ಉತ್ತರ ಬರದಿದ್ದರೆ ಅವನ ಕೈಗೊಂದು ಪುಸ್ತಕ ಕೊಡಿ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೀರಲ್ಲ, ಅದರಲ್ಲೇ ಒಂದು.